ವಿಂಡೋಸ್ ಅಳಿಸದೆ ಮನೆಯಲ್ಲೂ ಶಾಲೆಯ ಉಬುಂಟು: ಪೆನ್ ಡ್ರೈವಿನಿಂದ ನಡೆಸುವ ಕ್ರಮ

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಉಪ್ಪಳ ಕಡೆಯ ಹೆತ್ತವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಶಾಲೆಯ ಕಂಪ್ಯೂಟರಿನಲ್ಲಿ ಉಬುಂಟು (ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸುವ ಉಚಿತ ತಂತ್ರಾಂಶ) ಇದೆ, ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ; ಮಗು ಐಟಿ ಪ್ರಾಯೋಗಿಕ ಪರೀಕ್ಷೆಗೆ ಮನೆಯಲ್ಲಿ ಅಭ್ಯಾಸ ಮಾಡುವುದು ಹೇಗೆ? ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು: ಹಾಗೆ ಮಾಡಿದರೆ ನಮ್ಮ ವಿಂಡೋಸ್, ಫೋಟೋ, ತೋಟದ ಲೆಕ್ಕದ ಫೈಲುಗಳೆಲ್ಲ ಅಳಿಸಿಹೋಗುತ್ತವೆಯೇ?

ಅಳಿಸಿಹೋಗುವುದಿಲ್ಲ. ಉಬುಂಟುವನ್ನು ಪೆನ್ ಡ್ರೈವಿನಲ್ಲಿಟ್ಟುಕೊಂಡು ಅಲ್ಲಿಂದಲೇ ಕಂಪ್ಯೂಟರನ್ನು ನಡೆಸಬಹುದು. ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದರೆ ಉಬುಂಟು, ತೆಗೆದು ಆನ್ ಮಾಡಿದರೆ ಎಂದಿನ ವಿಂಡೋಸ್. ಆದರೆ ದಾರಿಯಲ್ಲಿ ಎರಡು ಕಡೆ ತಪ್ಪು ಗುಂಡಿ ಒತ್ತಿದರೆ ನಿಮ್ಮ ಭಯ ನಿಜವಾಗುತ್ತದೆ. ಆ ಎರಡು ಜಾಗಗಳು ಬಂದಾಗ ನಿಲ್ಲಿಸಿ ಹೇಳುತ್ತೇನೆ. ಅವಸರ ಮಾಡದೆ ಒಮ್ಮೆ ಪೂರ್ತಿ ಓದಿ, ಆಮೇಲೆ ಕೆಲಸಕ್ಕೆ ಕುಳಿತುಕೊಳ್ಳಿ.

ಶಾಲೆಯಲ್ಲಿರುವುದು ಏನು?

ಕೇರಳದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತರಲು 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಶಾಲೆಗಳಲ್ಲಿ ಬಳಸುವ ವ್ಯವಸ್ಥೆಯನ್ನು ಸಿದ್ಧಪಡಿಸುವುದು ಈ ಕೈಟ್. ಅದರ ಹೆಸರು ಕೈಟ್ ಗ್ನು/ಲಿನಕ್ಸ್, ಅದರ 22.04 ಆವೃತ್ತಿ 2024ರಲ್ಲಿ ಬಂತು. ಒಳಗಿನ ತಳಪಾಯ ಉಬುಂಟು 22.04. ಲಿನಕ್ಸ್ ಎಂಬುದು ಉಬುಂಟು, ಮಿಂಟ್ ಮುಂತಾದವುಗಳಿಗೆಲ್ಲ ಸೇರಿದ ಸಾಮಾನ್ಯ ಹೆಸರು. ಲಿಬ್ರೆ ಆಫೀಸ್, ಚಿತ್ರದ ಕೆಲಸಕ್ಕೆ ಜಿಂಪ್ ಮತ್ತು ಇಂಕ್‌ಸ್ಕೇಪ್, ಜಿಯೋಜಿಬ್ರಾ, ಪೈಥಾನ್ ಮುಂತಾದ ಪಾಠದ ತಂತ್ರಾಂಶಗಳನ್ನು ಅದರಲ್ಲಿ ಮೊದಲೇ ಸೇರಿಸಿಟ್ಟಿರುತ್ತಾರೆ.

ಒಂದು ಮಾತು ಇಲ್ಲೇ ಹೇಳಬೇಕು. ಈ ತಂತ್ರಾಂಶಗಳು ವಿಂಡೋಸಿಗೂ ಉಚಿತವಾಗಿ ಸಿಗುತ್ತವೆ. ಮಗುವಿಗೆ ಇಂಕ್‌ಸ್ಕೇಪಿನ ಒಂದು ಪಾಠ ಮಾತ್ರ ಬಾಕಿ ಇದ್ದರೆ ಅದನ್ನು ವಿಂಡೋಸಿನಲ್ಲೇ ಹಾಕಿಕೊಳ್ಳಿ, ಇಷ್ಟು ಶ್ರಮ ಬೇಡ. ಆದರೆ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳು ತಡವರಿಸುವುದು ಚಿತ್ರ ಬಿಡಿಸುವಾಗಲ್ಲ. ಫೋಲ್ಡರ್ ಹುಡುಕುವಾಗ, ಹೋಮ್ ಫೋಲ್ಡರಿನಲ್ಲಿ ಸರಿಯಾದ ಹೆಸರಿಟ್ಟು ಉಳಿಸುವಾಗ, ಕನ್ನಡ ಕೀಲಿಮಣೆಗೆ ಬದಲಿಸಿಕೊಳ್ಳುವಾಗ. ಅದು ಕೈಗೆ ಕೂರಬೇಕಾದರೆ ಅದೇ ಪರದೆಯ ಮುಂದೆ ಕೂರಬೇಕು.

ಮಕ್ಕಳಿಲ್ಲದ ಮನೆಗಳಿಗೂ ಇದರ ಪ್ರಯೋಜನ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ವಿಂಡೋಸ್ 11 ಕೇಳುವ ಯಂತ್ರಾಂಶದ ಷರತ್ತುಗಳನ್ನು ಪೂರೈಸುವುದಿಲ್ಲ. ಅಂಥ ಯಂತ್ರ ಎಸೆಯುವ ಮೊದಲು ಲಿನಕ್ಸ್ ಅದರಲ್ಲಿ ಹೇಗೆ ಓಡುತ್ತದೆಂದು ಪೆನ್ ಡ್ರೈವಿನಿಂದಲೇ ನೋಡಿಕೊಳ್ಳಬಹುದು. ವಿಂಡೋಸ್ ಏಳದೆ ಸತ್ತ ಕಂಪ್ಯೂಟರಿನೊಳಗಿನ ಫೈಲುಗಳನ್ನು ಹೊರತೆಗೆಯುವುದಕ್ಕೂ ಇದೇ ಪೆನ್ ಡ್ರೈವ್ ಸಾಕು.

ಏನೇನು ಬೇಕು?

ಪೆನ್ ಡ್ರೈವ್ 32 ಜಿಬಿಯದ್ದಿರಲಿ. 16 ಜಿಬಿಯಲ್ಲೂ ಸಾಗುತ್ತದೆ, ಇಕ್ಕಟ್ಟಾಗುತ್ತದೆ. ಅಳತೆಗಿಂತ ಮುಖ್ಯ ವೇಗ: ಪೊಟ್ಟಣದ ಮೇಲೆ ಯುಎಸ್‌ಬಿ 3.0 ಅಥವಾ 3.2 ಎಂದು ಬರೆದಿರುವುದನ್ನೇ ಕೊಳ್ಳಿ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದ್ದು 5 ಗಿಗಾಬಿಟ್. ಹಳೆಯ ಪೆನ್ ಡ್ರೈವಿನಲ್ಲಿ ಉಬುಂಟು ಓಡುತ್ತದೆ, ಆದರೆ ಒಂದು ಕಿಟಕಿ ತೆರೆಯುವಷ್ಟರಲ್ಲಿ ಮಗುವಿನ ತಾಳ್ಮೆ ಮುಗಿಯುತ್ತದೆ. ನಂಬಲಾಗದಷ್ಟು ಅಗ್ಗದ ದರಕ್ಕೆ ಸಿಗುವ 1 ಟಿಬಿ, 2 ಟಿಬಿ ಪೆನ್ ಡ್ರೈವುಗಳ ಹತ್ತಿರ ಹೋಗಬೇಡಿ. ಅವುಗಳಲ್ಲಿ ಹಲವು ದೊಡ್ಡ ಅಳತೆಯನ್ನು ಸುಳ್ಳಾಗಿ ತೋರಿಸುತ್ತವೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಹಾಳು.

ಮನೆಯಲ್ಲಿ ಬಿಡಿ ಎಸ್‌ಎಸ್‌ಡಿ (ಚಿಪ್ಪಿನಿಂದ ಮಾಡಿದ ವೇಗದ ಡಿಸ್ಕ್) ಇದ್ದು, ಅದಕ್ಕೆ ಯುಎಸ್‌ಬಿ ಕವಚ ಹಾಕಿಸಲು ಸಾಧ್ಯವಿದ್ದರೆ ಅದು ಪೆನ್ ಡ್ರೈವಿಗಿಂತ ಎಷ್ಟೋ ಮೇಲು.

ಕಂಪ್ಯೂಟರಿಗೆ 4 ಜಿಬಿ ರ‍್ಯಾಮ್ ಇರಬೇಕು, 64 ಬಿಟ್ ಪ್ರೊಸೆಸರ್ ಇರಬೇಕು. ಉಬುಂಟು 2017ರಿಂದ 32 ಬಿಟ್ ಕಂಪ್ಯೂಟರುಗಳಿಗೆ ಡೆಸ್ಕ್‌ಟಾಪ್ ಆವೃತ್ತಿ ಕೊಡುತ್ತಿಲ್ಲ. ರ‍್ಯಾಮ್ 2 ಜಿಬಿ ಮಾತ್ರ ಇರುವ ಹಳೆಯ ಯಂತ್ರಕ್ಕೆ ಲುಬುಂಟು ಅಥವಾ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕುಗಳಲ್ಲಿ ಈ ಲೇಖನದ ಕ್ರಮ ನಡೆಯುವುದಿಲ್ಲ.

1. ಮೊದಲು ನಿಮ್ಮದನ್ನು ಕಾಪಾಡಿಕೊಳ್ಳಿ

ಪೆನ್ ಡ್ರೈವಿನಲ್ಲಿ ಈಗ ಏನಿದೆಯೋ ಅದೆಲ್ಲ ಅಳಿಸಿಹೋಗುತ್ತದೆ. ಮದುವೆಯ ಫೋಟೋ, ಯಕ್ಷಗಾನದ ವಿಡಿಯೋ ಏನಾದರೂ ಇದ್ದರೆ ಬೇರೆಡೆ ಇಡಿ. ಕಂಪ್ಯೂಟರಿನ ಮುಖ್ಯ ಫೈಲುಗಳ ಒಂದು ಪ್ರತಿಯೂ ಹೊರಗಿರಲಿ.

ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಇನ್ನೊಂದು ಕೆಲಸ ತಪ್ಪದೆ ಮಾಡಿ. ವಿಂಡೋಸ್ 11 ಇರುವ ಅನೇಕ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಇದು ಡಿಸ್ಕಿನೊಳಗಿನ ಮಾಹಿತಿಯನ್ನು ಗೂಢಲಿಪಿಯಾಗಿಸಿ ಇಡುವ ವ್ಯವಸ್ಥೆ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಬದಲಿಸಿದರೆ ಮುಂದಿನ ಸಲ ವಿಂಡೋಸ್ ಏಳುವಾಗ 48 ಅಂಕಿಗಳ ಕೀಲಿಯನ್ನು ಅದು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಇವತ್ತೇ ಖಾತೆಗೆ ಹೋಗಿ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪನ್ನು ಅಂಗಡಿಯವರು ಬೇರೆ ಯಾರದ್ದೋ ಖಾತೆ ಹಾಕಿ ಸಿದ್ಧಪಡಿಸಿ ಕೊಟ್ಟಿದ್ದರೆ ಕೀಲಿ ಆ ಖಾತೆಯಲ್ಲಿರುತ್ತದೆ. ಅದನ್ನು ಕೇಳಿ ಪಡೆಯದೆ ಮುಂದುವರಿಯಬೇಡಿ.

2. ಐಎಸ್‌ಒ ಫೈಲನ್ನು ಇಳಿಸಿಕೊಳ್ಳುವುದು

ಇಡೀ ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಒಂದೇ ಫೈಲಿನಲ್ಲಿ ಕಟ್ಟಿಟ್ಟ ರೂಪದಲ್ಲಿ ಸಿಗುತ್ತದೆ. ಅದರ ಹೆಸರಿನ ಕೊನೆಯಲ್ಲಿ ಐಎಸ್‌ಒ ಎಂದಿರುವುದರಿಂದ ಐಎಸ್‌ಒ ಫೈಲ್ ಎನ್ನುತ್ತಾರೆ. ಶಾಲೆಯ ಅಭ್ಯಾಸಕ್ಕಾದರೆ ಕೈಟ್ ಜಾಲತಾಣದಿಂದ, ಸಾಮಾನ್ಯ ಬಳಕೆಗಾದರೆ ಉಬುಂಟು ಅಥವಾ ಲಿನಕ್ಸ್ ಮಿಂಟಿನ ಅಧಿಕೃತ ಜಾಲತಾಣದಿಂದ ಇಳಿಸಿಕೊಳ್ಳಿ. ಎಲ್ಲವೂ ಉಚಿತ. ಹಣ ಕೇಳುವ ತಾಣ ಕಂಡರೆ ಅದು ಬೇರೆ ಯಾರದ್ದೋ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ನಿಜವಾದ ತೊಡಕಿದೆ. ಈ ಫೈಲುಗಳು ದೊಡ್ಡವು. ಮಿಂಟ್ ಸುಮಾರು 3 ಜಿಬಿ, ಉಬುಂಟು ಅದಕ್ಕಿಂತಲೂ ಹೆಚ್ಚು. ಎಣ್ಮಕಜೆ, ಬೆಳ್ಳೂರು, ಪೈವಳಿಕೆಯ ಒಳಭಾಗದ ಮನೆಗಳಲ್ಲಿ ಹಲವರು ಮೊಬೈಲ್ ಹಾಟ್‌ಸ್ಪಾಟನ್ನೇ ನೆಚ್ಚಿಕೊಂಡವರು. ದಿನಕ್ಕೆ 1.5 ಅಥವಾ 2 ಜಿಬಿಯ ಪ್ಯಾಕಿನಲ್ಲಿ ಅರ್ಧಕ್ಕೆ ಇಂಟರ್ನೆಟ್ ನಿಂತುಹೋಗುತ್ತದೆ, ಅರ್ಧ ಬಂದ ಫೈಲನ್ನು ಪೂರ್ತಿ ಬಂದಿದೆಯೆಂದು ನಂಬಿ ಬರೆದರೆ ಮುಂದೆ ಏನೇನೋ ದೋಷಗಳು ಕಾಣುತ್ತವೆ. ಮೂರು ದಾರಿಗಳಿವೆ. ಫೈಬರ್ ಸಂಪರ್ಕವಿರುವ ನೆರೆಮನೆಯಲ್ಲಿ ಇಳಿಸಿಕೊಳ್ಳಿ. ಅಥವಾ ಶಾಲೆಯಲ್ಲಿ ಕೇಳಿ. ಐಟಿ ಪಾಠ ಮಾಡುವ ಅಧ್ಯಾಪಕರ ಬಳಿಯೋ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಘಟಕದಲ್ಲೋ ಫೈಲ್ ಇರುವ ಸಾಧ್ಯತೆ ಹೆಚ್ಚು. ಇದು ಸ್ವತಂತ್ರ ತಂತ್ರಾಂಶ, ಪ್ರತಿ ಮಾಡಿಕೊಡುವುದರಲ್ಲಿ ತಪ್ಪೇನೂ ಇಲ್ಲ, ಸಂಕೋಚ ಬೇಡ. ಮೂರನೆಯದು ಟಾರೆಂಟ್. ಉಬುಂಟು, ಮಿಂಟ್ ಎರಡೂ ಅಧಿಕೃತವಾಗಿಯೇ ಟಾರೆಂಟ್ ಕೊಡುತ್ತವೆ. ಇದರಲ್ಲಿ ಫೈಲು ತುಂಡುತುಂಡಾಗಿ ಬರುತ್ತದೆ, ಪ್ರತಿ ತುಂಡಿನ ತಪಾಸಣೆ ಆಗುತ್ತದೆ, ಇಂದು ನಿಂತದ್ದು ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ. ದಿನದ ಮಿತಿಯ ಪ್ಯಾಕ್ ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತೋಚಿಲ್ಲ.

ಬಂದ ಫೈಲು ಸರಿಯಾಗಿದೆಯೇ ಎಂದು ನೋಡುವುದಕ್ಕೆ ಎಸ್‌ಎಚ್‌ಎ-256 ಎಂಬ ಬೆರಳಚ್ಚು ಇರುತ್ತದೆ. ಇದು 64 ಅಕ್ಷರ ಮತ್ತು ಅಂಕಿಗಳ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬದಲಾಗುತ್ತದೆ. ಇಳಿಸಿಕೊಂಡ ತಾಣದಲ್ಲಿ ಅದನ್ನು ಕೊಟ್ಟಿದ್ದರೆ ಬರೆದಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಹೋಲಿಸಿ ನೋಡಬಹುದು.

3. ಪೆನ್ ಡ್ರೈವಿಗೆ ಬರೆಯುವುದು

ಐಎಸ್‌ಒ ಫೈಲನ್ನು ಎಳೆದು ಪೆನ್ ಡ್ರೈವಿಗೆ ಹಾಕಿದರೆ ಕೆಲಸ ಆಗುವುದಿಲ್ಲ. ಹೆಚ್ಚಿನವರು ಮೊದಲ ಸಲ ಮಾಡುವ ತಪ್ಪು ಇದೇ. ಕಂಪ್ಯೂಟರ್ ಅದರಿಂದ ಏಳುವಂತೆ ಬರೆಯುವುದಕ್ಕೆ ಬೇರೆ ತಂತ್ರಾಂಶ ಬೇಕು. ನಾನು ಸೂಚಿಸುವುದು ರೂಫಸ್. ಪುಟ್ಟ ಫೈಲು, ಉಚಿತ, ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ನಿಮ್ಮದು ಇನ್ನೂ ವಿಂಡೋಸ್ 7 ಆಗಿದ್ದರೆ ಹೊಸ ರೂಫಸ್ ಓಡುವುದಿಲ್ಲ, ಅದರ 3.22 ಆವೃತ್ತಿ ಹುಡುಕಿ.

ಕಂಪ್ಯೂಟರಿಗೆ ಚುಚ್ಚಿರುವ ಬೇರೆಲ್ಲ ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡುಗಳನ್ನು ತೆಗೆದುಬಿಡಿ. ಬರೆಯಬೇಕಾದ ಪೆನ್ ಡ್ರೈವ್ ಒಂದೇ ಉಳಿಯಲಿ. ಈಗ ರೂಫಸ್ ತೆರೆಯಿರಿ.

ಮೇಲಿನ 'ಡಿವೈಸ್' ಸಾಲನ್ನು ನೋಡಿ. ನಾನು ಹೇಳಿದ ಎರಡು ಅಪಾಯದ ಜಾಗಗಳಲ್ಲಿ ಇದು ಮೊದಲನೆಯದು. ಅಲ್ಲಿ ಕಾಣುವ ಹೆಸರು, ಅಳತೆ ನಿಮ್ಮ ಪೆನ್ ಡ್ರೈವಿನದ್ದೇ ಎಂದು ಎರಡು ಸಲ ಖಚಿತಪಡಿಸಿಕೊಳ್ಳಿ. ರೂಫಸ್ ಸಾಮಾನ್ಯವಾಗಿ ಹಾರ್ಡ್ ಡಿಸ್ಕುಗಳನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ. ಯುಎಸ್‌ಬಿ ಹಾರ್ಡ್ ಡಿಸ್ಕುಗಳನ್ನೂ ತೋರಿಸು ಎಂಬ ಆಯ್ಕೆಯನ್ನು ಕುತೂಹಲಕ್ಕೆಂದು ಒತ್ತಬೇಡಿ.

'ಸೆಲೆಕ್ಟ್' ಒತ್ತಿ ಐಎಸ್‌ಒ ಫೈಲನ್ನು ಆರಿಸಿ. ಪಕ್ಕದಲ್ಲೇ ಸರಿ ಗುರುತಿನ ಸಣ್ಣ ಗುಂಡಿಯಿದೆ, ಅದನ್ನು ಒತ್ತಿದರೆ ಫೈಲಿನ ಎಸ್‌ಎಚ್‌ಎ-256 ಸಾಲು ಬರುತ್ತದೆ. ಬರೆದಿಟ್ಟುಕೊಂಡದ್ದರ ಜೊತೆ ಮೊದಲ ಆರು, ಕೊನೆಯ ಆರು ಅಕ್ಷರ ಹೋಲಿಸಿದರೂ ಸಾಕು. ಹೊಂದದಿದ್ದರೆ ಫೈಲನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.

ಇನ್ನು ಇಡೀ ಕೆಲಸದ ಜೀವಾಳ: 'ಪರ್ಸಿಸ್ಟೆಂಟ್ ಪಾರ್ಟಿಷನ್ ಸೈಜ್' ಎಂಬ ಜಾರುಗುಂಡಿ. ಪೆನ್ ಡ್ರೈವಿನಿಂದ ಓಡುವ ಉಬುಂಟುವಿಗೆ ಹುಟ್ಟಿನಿಂದ ನೆನಪಿಲ್ಲ. ಮಗು ಎರಡು ಗಂಟೆ ಕುಳಿತು ಬಿಡಿಸಿದ ಚಿತ್ರ, ಹಾಕಿಕೊಂಡ ಕನ್ನಡ ಕೀಲಿಮಣೆ ಎಲ್ಲವೂ ಕಂಪ್ಯೂಟರ್ ಆಫ್ ಮಾಡಿದೊಡನೆ ಮಾಯ. ಪರ್ಸಿಸ್ಟೆಂಟ್ ಎಂದರೆ ಉಳಿಯುವಂಥದ್ದು. ಪೆನ್ ಡ್ರೈವಿನ ಒಂದು ಭಾಗವನ್ನು ಈ ನೆನಪಿಗೆಂದು ಮೀಸಲಿಡುವ ಏರ್ಪಾಡು. ಇದು ಮೊದಲಿಗೆ ಸೊನ್ನೆಯಲ್ಲಿರುತ್ತದೆ, ನೀವೇ ಎಳೆಯಬೇಕು. 32 ಜಿಬಿಯ ಪೆನ್ ಡ್ರೈವಿಗೆ 16 ಜಿಬಿ ಕೊಡಿ, 16 ಜಿಬಿಯದ್ದಕ್ಕೆ 4 ಅಥವಾ 5 ಕೊಡಿ. ಜಾರುಗುಂಡಿ ಕಾಣಿಸದಿದ್ದರೆ ನೀವು ಆರಿಸಿದ ಐಎಸ್‌ಒಗೆ ರೂಫಸಿನಲ್ಲಿ ಈ ಸೌಲಭ್ಯ ಇಲ್ಲವೆಂದು ತಿಳಿಯಿರಿ. ಆಗ ಉಬುಂಟುವಿನ ಮೂಲ ಐಎಸ್‌ಒ ಬಳಸಿ, ಬೇಕಾದ ತಂತ್ರಾಂಶಗಳನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಉಳಿದದ್ದನ್ನು ರೂಫಸ್ ಹೇಳಿದಂತೆ ಬಿಡಿ. 'ಸ್ಟಾರ್ಟ್' ಒತ್ತಿದಾಗ ಐಎಸ್‌ಒ ಮೋಡೇ, ಡಿಡಿ ಮೋಡೇ ಎಂದು ಕೇಳಿದರೆ ಐಎಸ್‌ಒ ಎನ್ನಿ. ಏನೋ ಸಣ್ಣ ಫೈಲನ್ನು ಇಳಿಸಿಕೊಳ್ಳಲೇ ಎಂದು ಕೇಳಿದರೆ ಹೌದು ಎನ್ನಿ. ಪೆನ್ ಡ್ರೈವಿನಲ್ಲಿರುವುದೆಲ್ಲ ಅಳಿಯುತ್ತದೆ ಎಂಬ ಕೊನೆಯ ಎಚ್ಚರಿಕೆ ಬರುತ್ತದೆ, ಒಪ್ಪಿಗೆ ಕೊಡಿ. ಪೆನ್ ಡ್ರೈವಿನ ವೇಗ ನೋಡಿಕೊಂಡು ಕಾಲು ಗಂಟೆಯೋ ಅರ್ಧ ಗಂಟೆಯೋ ಆಗಬಹುದು. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿಡಿ. ಡೆಸ್ಕ್‌ಟಾಪ್ ಆಗಿದ್ದು ಯುಪಿಎಸ್ ಇಲ್ಲದಿದ್ದರೆ ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟು ಹೋದರೆ ಕಂಪ್ಯೂಟರಿಗೆ ಹಾನಿಯಿಲ್ಲ, ಆದರೆ ಬರೆದದ್ದು ಅರ್ಧವಾಗುತ್ತದೆ, ಮತ್ತೆ ಮೊದಲಿನಿಂದ.

4. ಪೆನ್ ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸುವುದು

ಆನ್ ಮಾಡಿದಾಗ ಕಂಪ್ಯೂಟರ್ ತನ್ನ ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮ್ಮನ್ನು ಎತ್ತಿಕೊಂಡು ಏಳುವುದಕ್ಕೆ ಬೂಟ್ ಎನ್ನುತ್ತಾರೆ. ಈ ಸಲ ಡಿಸ್ಕ್ ಬೇಡ, ಪೆನ್ ಡ್ರೈವಿನಿಂದ ಏಳು ಎಂದು ನಾವು ಹೇಳಬೇಕು.

ವಿಂಡೋಸ್ 10 ಅಥವಾ 11 ಇದ್ದರೆ ಸುಲಭದ ದಾರಿ ಹೀಗಿದೆ. ಪೆನ್ ಡ್ರೈವ್ ಚುಚ್ಚಿ, ನೀಲಿ ಬಣ್ಣದ ಯುಎಸ್‌ಬಿ ಕಿಂಡಿ ಇದ್ದರೆ ಅದಕ್ಕೇ ಚುಚ್ಚಿ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದುಕೊಂಡೇ 'ರೀಸ್ಟಾರ್ಟ್' ಕ್ಲಿಕ್ ಮಾಡಿ. ನೀಲಿ ಪರದೆ ಬರುತ್ತದೆ. ಅದರಲ್ಲಿ 'ಯೂಸ್ ಎ ಡಿವೈಸ್' ಆರಿಸಿ, ಪೆನ್ ಡ್ರೈವಿನ ಹೆಸರನ್ನು ಆರಿಸಿ.

ಆ ಆಯ್ಕೆ ಇಲ್ಲದಿದ್ದರೆ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಟಕಟಕನೆ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರಿನಲ್ಲೂ ಎಫ್12 ಆದರೂ ಕೆಲವು ಮಾದರಿಗಳಲ್ಲಿ ಅದನ್ನು ಬಯಾಸ್ ಸೆಟ್ಟಿಂಗಿನಲ್ಲಿ ಮೊದಲು ಸಕ್ರಿಯಗೊಳಿಸಬೇಕು. ಬಯಾಸ್ ಅಥವಾ ಯುಇಎಫ್‌ಐ ಎಂದರೆ ಆಪರೇಟಿಂಗ್ ಸಿಸ್ಟಮ್ಮಿಗಿಂತ ಮೊದಲು ಎಚ್ಚರಗೊಳ್ಳುವ, ಮದರ್‌ಬೋರ್ಡಿನಲ್ಲೇ ಕುಳಿತಿರುವ ತಂತ್ರಾಂಶ.

ಸೆಕ್ಯೂರ್ ಬೂಟ್ ಎಂಬುದನ್ನು ಆಫ್ ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಲು ಹೋಗಬೇಡಿ. ಸಹಿ ಇರುವ ತಂತ್ರಾಂಶವನ್ನು ಮಾತ್ರ ಏಳಲು ಬಿಡುವ ಕಾವಲು ಅದು. ಉಬುಂಟುವಿಗೆ ಆ ಸಹಿ ಇದೆ, ಸಾಮಾನ್ಯವಾಗಿ ಹಾಗೆಯೇ ಏಳುತ್ತದೆ. ಸುಮ್ಮನೆ ಆಫ್ ಮಾಡಿದವರೇ ಮರುದಿನ ಬಿಟ್‌ಲಾಕರಿನ 48 ಅಂಕಿಗಳಿಗಾಗಿ ಪರದಾಡುವುದು. ಏಳಲೇ ಇಲ್ಲವೆಂದಾದರೆ ಮಾತ್ರ, ಕೀಲಿ ಬರೆದಿಟ್ಟ ಕಾಗದವನ್ನು ಮುಂದಿಟ್ಟುಕೊಂಡು ಅದನ್ನು ಮುಟ್ಟಿ.

5. ಒತ್ತಬಾರದ ಗುಂಡಿ

ಉಬುಂಟು ಎದ್ದಾಗ ಎರಡು ಆಯ್ಕೆಗಳು ಕಾಣುತ್ತವೆ: ಒಂದು 'ಟ್ರೈ', ಇನ್ನೊಂದು 'ಇನ್‌ಸ್ಟಾಲ್'. ಟ್ರೈ ಎಂದರೆ ಪೆನ್ ಡ್ರೈವಿನಿಂದಲೇ ಓಡಿಸು, ಡಿಸ್ಕನ್ನು ಮುಟ್ಟಬೇಡ. ನಿಮಗೆ ಬೇಕಾದದ್ದು ಇದೊಂದೇ.

ಇನ್‌ಸ್ಟಾಲ್ ಎರಡನೆಯ ಅಪಾಯದ ಜಾಗ. ಅದನ್ನು ಒತ್ತಿ, ಮುಂದೆ ಬರುವ 'ಇರೇಸ್ ಡಿಸ್ಕ್' ಆಯ್ಕೆಗೆ ಒಪ್ಪಿಗೆ ಕೊಟ್ಟರೆ ವಿಂಡೋಸೂ ಹೋಯಿತು, ಅದರ ಜೊತೆಗಿದ್ದ ಫೈಲುಗಳೂ ಹೋದವು. ನನ್ನ ಪರಿಚಯದ ಒಂದು ಮನೆಯಲ್ಲಿ ಹೀಗೆ ಹತ್ತು ವರ್ಷದ ಫೋಟೋಗಳು ಹೋಗಿವೆ, ಮರಳಿ ಬರಲಿಲ್ಲ. ಟ್ರೈ ಆರಿಸಿದ ಮೇಲೂ ಡೆಸ್ಕ್‌ಟಾಪಿನಲ್ಲಿ ಇನ್‌ಸ್ಟಾಲ್ ಎಂಬ ಚಿತ್ರಿಕೆ ಉಳಿದಿರುತ್ತದೆ. ಮಗುವಿಗೆ ಅದನ್ನು ಬೆರಳಿಟ್ಟು ತೋರಿಸಿ, ಯಾಕೆ ಮುಟ್ಟಬಾರದು ಎಂದು ವಿವರಿಸಿ. ಕಾರಣ ಹೇಳಿದರೆ ಮಕ್ಕಳಿಗೆ ನೆನಪಿರುತ್ತದೆ. ಹೊಸ ಆವೃತ್ತಿಗಳಲ್ಲಿ ಇನ್‌ಸ್ಟಾಲ್ ಮಾಡುವ ಕಿಟಕಿ ತಾನಾಗಿಯೇ ತೆರೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಬಿಡಿ.

ಪಾಸ್‌ವರ್ಡ್ ಕೇಳಿದರೆ ಏನೂ ಬರೆಯದೆ ಎಂಟರ್ ಒತ್ತಿ ನೋಡಿ.

6. ನೆನಪು ಉಳಿಯುತ್ತದೆಯೇ ಎಂಬ ಪರೀಕ್ಷೆ

ಮೊದಲ ದಿನವೇ ಮಾಡಿ. ಹೋಮ್ ಫೋಲ್ಡರಿನಲ್ಲಿ ಯಾವುದಾದರೂ ಹೆಸರಿನ ಒಂದು ಫೋಲ್ಡರ್ ಸೃಷ್ಟಿಸಿ. ಮೆನುವಿನಿಂದ ಕ್ರಮವಾಗಿ ಶಟ್ ಡೌನ್ ಮಾಡಿ. ಪೆನ್ ಡ್ರೈವ್ ತೆಗೆದು ಎಂಟರ್ ಒತ್ತಿ ಎಂಬ ಸೂಚನೆ ಪರದೆಯಲ್ಲಿ ಬರುತ್ತದೆ, ಅಲ್ಲಿಯವರೆಗೆ ಪೆನ್ ಡ್ರೈವನ್ನು ಕೀಳಬೇಡಿ. ಮತ್ತೆ ಅದರಿಂದಲೇ ಎಬ್ಬಿಸಿ ನೋಡಿ. ಫೋಲ್ಡರ್ ಇದ್ದರೆ ಎಲ್ಲ ಸರಿ. ಇಲ್ಲದಿದ್ದರೆ ಮೂರನೆಯ ಹಂತದ ಜಾರುಗುಂಡಿ ಸೊನ್ನೆಯಲ್ಲೇ ಉಳಿದಿರಬಹುದು.

ನೆನಪು ಉಳಿದರೂ ಅದನ್ನು ಪೂರ್ತಿ ನಂಬಬೇಡಿ. ಓಡುತ್ತಿರುವಾಗ ಪೆನ್ ಡ್ರೈವ್ ಕಿತ್ತರೆ, ಕರೆಂಟು ಹೋದರೆ ಉಳಿಸಿದ ಭಾಗ ಕೆಡಬಹುದು. ಪೆನ್ ಡ್ರೈವಿನ ಚಿಪ್ಪಿಗೆ ಬರೆಯುವ ಸಾಮರ್ಥ್ಯವೂ ಅಕ್ಷಯವಲ್ಲ, ಬರೆದಷ್ಟೂ ಸವೆಯುತ್ತದೆ. ಮಗುವಿನ ಕೆಲಸದ ಒಂದು ಪ್ರತಿ ವಾರಕ್ಕೊಮ್ಮೆ ಇಮೇಲಿಗೋ ಇನ್ನೊಂದು ಪೆನ್ ಡ್ರೈವಿಗೋ ಹೋಗಲಿ. ಇನ್ನೊಂದು ಎಚ್ಚರಿಕೆ: ಎಲ್ಲವನ್ನೂ ಅಪ್‌ಡೇಟ್ ಮಾಡಿ ಎಂದು ಉಬುಂಟು ಕೇಳಿದಾಗ ಬೇಡ ಎನ್ನಿ. ಪೆನ್ ಡ್ರೈವಿನ ವ್ಯವಸ್ಥೆಯಲ್ಲಿ ಮೂಲ ಭಾಗ ಬದಲಾಗದೆ ಹಾಗೆಯೇ ಇರುತ್ತದೆ, ಅಪ್‌ಡೇಟುಗಳು ಅದರ ಮೇಲೆ ಪದರದಂತೆ ಕೂರುತ್ತವೆ. ಮೀಸಲಿಟ್ಟ ಜಾಗ ಬೇಗ ತುಂಬಿ ಏಳದೆ ಕೂರುವ ಸಾಧ್ಯತೆ ಇದೆ. ಬೇಕಾದ ಒಂದೆರಡು ತಂತ್ರಾಂಶ ಮಾತ್ರ ಸೇರಿಸಿ.

7. ಕನ್ನಡ ಬರೆಯಲು

ಸೆಟ್ಟಿಂಗ್ಸ್ ತೆರೆದು 'ಕೀಬೋರ್ಡ್' ವಿಭಾಗಕ್ಕೆ ಹೋಗಿ. 'ಇನ್‌ಪುಟ್ ಸೋರ್ಸಸ್' ಕೆಳಗಿನ ಕೂಡಿಸುವ ಗುರುತನ್ನು ಒತ್ತಿ. ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಮೂರು ಚುಕ್ಕೆ ಒತ್ತಿ 'ಅದರ್' ಆರಿಸಿದಾಗ ಸಿಗುತ್ತದೆ. ಅಲ್ಲಿ ಬರಿಯ 'ಕನ್ನಡ' ಎಂದಿರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. 'ಕಗಪ' ಎಂದಿರುವುದು, ಕರ್ನಾಟಕದಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿದವರಿಗೆ ಪರಿಚಯವಿರುವ ವಿನ್ಯಾಸ. ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್ ಮತ್ತು ಕನ್ನಡದ ನಡುವೆ ಬದಲಿಸಿಕೊಳ್ಳಬಹುದು.

ಮನೆಯಲ್ಲಿ ದೊಡ್ಡವರು ಕಗಪ ಬಳಸುತ್ತಿದ್ದರೂ ಮಗುವಿಗೆ ಇನ್‌ಸ್ಕ್ರಿಪ್ಟ್ ಕಲಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಅದು ಭಾರತೀಯ ಲಿಪಿಗಳಿಗೆಲ್ಲ ಒಂದೇ ಜೋಡಣೆ. ಇಂಗ್ಲಿಷಿನ ಕೆ ಇರುವ ಕೀಲಿಯಲ್ಲಿ ಕನ್ನಡದ ಕ, ಮಲಯಾಳದ ಕ ಎರಡೂ ಇವೆ; ಎಚ್ ಇರುವಲ್ಲಿ ಎರಡರ ಪ; ಅಕ್ಷರ ಕೂಡಿಸುವ ಅರ್ಧಚಿಹ್ನೆ ಎರಡರಲ್ಲೂ ಡಿ ಕೀಲಿಯಲ್ಲೇ. ಬೆಳಗ್ಗೆ ಕನ್ನಡದಲ್ಲಿ ಪಾಠ ಬರೆದು ಸಂಜೆ ಪಂಚಾಯತಿಗೆ ಮಲಯಾಳದಲ್ಲಿ ಅರ್ಜಿ ಬರೆಯಬೇಕಾದ ಗಡಿನಾಡಿನ ಮಕ್ಕಳಿಗೆ ಒಂದು ಕಲಿಕೆಯಲ್ಲಿ ಎರಡು ಲಿಪಿ ಕೈಗೆ ಬರುತ್ತದೆ. ಬೇರೆ ಯಾವ ಜಿಲ್ಲೆಯವರಿಗಿಂತಲೂ ಇದು ನಮಗೆ ಹೆಚ್ಚು ಉಪಯೋಗದ್ದು.

ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳನ್ನು ಇಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣಬಹುದು. ಫೈಲು ಕೆಟ್ಟಿಲ್ಲ. ಅದು ಯುನಿಕೋಡ್ (ಈಗ ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಪದ್ಧತಿಯ ಬರಹ. ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ಬದಲಿಸಿಕೊಳ್ಳಬೇಕು.

8. ಆಮೇಲೆ ಎದುರಾಗುವ ತೊಂದರೆಗಳು

ಪೆನ್ ಡ್ರೈವನ್ನು ವಿಂಡೋಸಿನಲ್ಲಿ ಚುಚ್ಚಿದಾಗ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂಬ ಸಂದೇಶ ಬರಬಹುದು. ನೆನಪಿಗೆ ಮೀಸಲಿಟ್ಟ ಭಾಗ ಲಿನಕ್ಸಿನ ಪದ್ಧತಿಯಲ್ಲಿದೆ, ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ. ಕ್ಯಾನ್ಸಲ್ ಒತ್ತಿ. ಒಪ್ಪಿದರೆ ಮಗುವಿನ ಕೆಲಸವೆಲ್ಲ ಹೋಗುತ್ತದೆ. ಪರೀಕ್ಷೆಗೆ ವಾರವಿರುವಾಗ ಇದನ್ನು ಕಳೆದುಕೊಂಡವರಿದ್ದಾರೆ, ಆದ್ದರಿಂದ ಮನೆಯವರೆಲ್ಲರಿಗೂ ತಿಳಿಸಿಡಿ.

ವೈಫೈ ಕಾಣದಿದ್ದರೆ ಆ ಲ್ಯಾಪ್‌ಟಾಪಿನ ವೈಫೈ ಚಿಪ್ಪಿಗೆ ಬೇಕಾದ ಚಾಲಕ ತಂತ್ರಾಂಶ ಒಳಗಿಲ್ಲ. ಬ್ರಾಡ್‌ಕಾಮ್ ಚಿಪ್ ಇರುವ ಹಳೆಯ ಯಂತ್ರಗಳಲ್ಲಿ ಇದು ಮಾಮೂಲು. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಇದು ಸಾಮಾನ್ಯವಾಗಿ ಒಡನೆಯೇ ಸಿಗುತ್ತದೆ.

ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರಬಹುದು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಅಂತರರಾಷ್ಟ್ರೀಯ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ವಿಂಡೋಸಿನ ಸಮಯದ ಸೆಟ್ಟಿಂಗಿನಲ್ಲಿ 'ಸಿಂಕ್ ನೌ' ಒತ್ತಿದರೆ ಸರಿಹೋಗುತ್ತದೆ. ವೈರಸ್ ಎಂದು ಹೆದರಬೇಡಿ.

ಉಬುಂಟುವಿನಿಂದ ವಿಂಡೋಸಿನ ಫೈಲು ತೆರೆಯಲಾಗುತ್ತದೆ, ಆದರೆ ಉಳಿಸಲಾಗುತ್ತಿಲ್ಲ ಎಂದಾದರೆ ಕಾರಣ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಅದು ಇದ್ದಾಗ ಶಟ್ ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ. ಬಲವಂತವಾಗಿ ಬರೆಯಲು ಹೋಗಬೇಡಿ. ವಿಂಡೋಸಿನಿಂದ ಬರುವಾಗ ಶಟ್ ಡೌನ್ ಬದಲು ರೀಸ್ಟಾರ್ಟ್ ಕೊಟ್ಟರೆ ಈ ತೊಡಕಿಲ್ಲ.

ಪೆನ್ ಡ್ರೈವಿಗೆ ಬೀಗವಿಲ್ಲ ಎಂಬುದು ನೆನಪಿರಲಿ. ಅದು ಬಸ್ಸಿನಲ್ಲಿ ಬಿದ್ದುಹೋದರೆ ಸಿಕ್ಕಿದವರು ಒಳಗಿನದ್ದನ್ನೆಲ್ಲ ಓದಬಹುದು. ಬ್ಯಾಂಕಿನ ಪಾಸ್‌ವರ್ಡ್, ಆಧಾರ್ ಪ್ರತಿ ಅದರಲ್ಲಿ ಉಳಿಸಬೇಡಿ.

9. ಪೆನ್ ಡ್ರೈವ್ ಮೊದಲಿನಂತಾಗಬೇಕಾದರೆ

ಪರೀಕ್ಷೆ ಮುಗಿದ ಮೇಲೆ ವಿಂಡೋಸಿನಲ್ಲಿ ಸಾಮಾನ್ಯ ಫಾರ್ಮ್ಯಾಟ್ ಮಾಡಿದರೆ 32 ಜಿಬಿಯ ಬದಲು ಅರ್ಧದಷ್ಟೇ ಜಾಗ ಕಾಣುತ್ತದೆ. ಪೆನ್ ಡ್ರೈವ್ ಹಾಳಾಯಿತೆಂದು ಎಸೆಯಬೇಡಿ. ಬೇಕಾದ ಫೈಲುಗಳನ್ನು ಉಬುಂಟುವಿನಿಂದಲೇ ಹೊರಗೆ ನಕಲು ಮಾಡಿಕೊಂಡು, ಮತ್ತೆ ರೂಫಸ್ ತೆರೆಯಿರಿ. 'ಬೂಟ್ ಸೆಲೆಕ್ಷನ್' ಜಾಗದಲ್ಲಿ 'ನಾನ್ ಬೂಟಬಲ್' ಆರಿಸಿ, ಡಿವೈಸ್ ಸಾಲಿನ ಹೆಸರನ್ನು ಇನ್ನೊಮ್ಮೆ ನೋಡಿ, ಸ್ಟಾರ್ಟ್ ಒತ್ತಿ. ಕೆಲವೇ ಕ್ಷಣಗಳಲ್ಲಿ ಪೂರ್ತಿ ಜಾಗ ಮರಳಿ ಬರುತ್ತದೆ.